ಅಂಗಾಲಿನ ಮಚ್ಚೆ

ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಬರಿಗಾಲಲ್ಲಿ ಔದುಂಬರ ಮರ ಸುತ್ತುವವರನ್ನು ನೋಡಿದ್ದೀರಿ. ಮೈಯ ಬೇನೆ, ಮನದ ಭಯ ಎರಡನ್ನೂ ಹೊತ್ತು ಜನ ಅಲ್ಲಿನ ದತ್ತಾತ್ರೇಯನಲ್ಲಿಗೆ ಬರುತ್ತಾರೆ. ಕೆಲವರ ಭಯ ಎಳ್ಳುಕಾಳಿನಷ್ಟೇ: ಮೈಮೇಲೆ ಹೊಸದಾಗಿ ಎದ್ದ ಕಪ್ಪು ಮಚ್ಚೆ.

ಬಹುಪಾಲು ಮಚ್ಚೆಗಳಿಂದ ಏನೂ ಆಗುವುದಿಲ್ಲ. ಮಚ್ಚೆಯ ಶಕುನ ಕೇಳುವವರಿಗೂ, ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕುವವರಿಗೂ ನಿದ್ದೆಗೇಡು ಬಿಟ್ಟರೆ ಬೇರೆ ಲಾಭವಿಲ್ಲ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಂದರೂ ಹೆಚ್ಚಾಗಿ ನಾವು ನೋಡದ ಕಡೆಯೇ ಬರುತ್ತದೆ, ಅಂಗಾಲಲ್ಲಿ, ಉಗುರಿನಡಿಯಲ್ಲಿ. ಮುಳ್ಳು ಚುಚ್ಚಿರಬೇಕು, ಕಲ್ಲು ಒತ್ತಿರಬೇಕು ಎಂದು ಸುಮ್ಮನಾಗಿಬಿಡುತ್ತೇವೆ.

ಮಚ್ಚೆಯ ಅಂಚು ಅಂಕುಡೊಂಕಾಗಿದ್ದರೆ, ಬಣ್ಣ ಒಂದೇ ಸಮ ಇರದಿದ್ದರೆ, 6 ಮಿಲಿಮೀಟರ್ ಮೀರಿದ್ದರೆ, ರಕ್ತ ಒಸರಿದರೆ ಡಾಕ್ಟರಿಗೆ ತೋರಿಸಲೇಬೇಕು. ಎಲ್ಲಕ್ಕಿಂತ ಮುಖ್ಯ, ಅದು ಬದಲಾಗುತ್ತಿದೆಯೇ ಎಂಬುದು. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ಸುಣ್ಣ-ಸೋಡಾ ಹಚ್ಚಿ ಸುಡುವ ಚಾಳಿ ಮಾತ್ರ ಬೇಡವೇ ಬೇಡ. ಸುಟ್ಟ ಮೇಲೆ ಡಾಕ್ಟರು ಪರೀಕ್ಷಿಸುವುದಾದರೂ ಏನನ್ನು?

ದತ್ತನಿಗೆ ಕೈಮುಗಿಯಿರಿ. ಅನುಮಾನವಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಒಮ್ಮೆ ಹೋಗಿ ತೋರಿಸಿ ಬನ್ನಿ.