ಕಳೆದ ಕಾಲಕ್ಕೆ ದಾರಿ ಇದೆಯೇ?



ಕಾಲೇಜಿನಲ್ಲಿ ಓದುವ ಹುಡುಗರು ಮಠಕ್ಕೆ ಬಂದಾಗ, "ಬುದ್ಧೀ, ಮನುಷ್ಯನು ಹಿಂದಿನ ಕಾಲಕ್ಕೆ ಹೋಗಿಬರಬಹುದೇ?" ಎಂದು ನಮ್ಮನ್ನು ಕೇಳುವುದುಂಟು. ಹಿರಿಯರು ಇದನ್ನು ಕೇಳಿ ನಗುತ್ತಾರೆ. ಆದರೆ ಅದೇ ಹಿರಿಯರು ಏಕಾಂತದಲ್ಲಿ ನಮ್ಮೆದುರು ಕುಳಿತು, "ತಂದೆಗೆ ಆ ಮಾತು ಆಡಬಾರದಿತ್ತು, ಆ ದಿನ ಮತ್ತೊಮ್ಮೆ ಬಂದರೆ!" ಎಂದು ಕಣ್ಣೀರಿಡುತ್ತಾರೆ. ಹುಡುಗರ ಪ್ರಶ್ನೆಯೂ ಹಿರಿಯರ ಹಂಬಲವೂ ಒಂದೇ. ಆದುದರಿಂದ ಈ ದಿನ ಅದನ್ನೇ ವಿಚಾರ ಮಾಡೋಣ.

ಕಾಲವೆಂದರೇನು? ವೈಶೇಷಿಕರು ಒಂಬತ್ತು ದ್ರವ್ಯಗಳನ್ನು ಹೇಳುವಾಗ ಕಾಲವನ್ನೂ ಒಂದು ದ್ರವ್ಯವೆಂದೇ ಎಣಿಸಿದರು. ಅದು ಒಂದೇ, ನಿತ್ಯವಾದುದು, ಎಲ್ಲೆಡೆ ವ್ಯಾಪಿಸಿರುವುದು. ದಿನ, ಮಾಸ, ವರ್ಷ ಎಂಬುವು ಸೂರ್ಯನ ಗತಿಯೇ ಮೊದಲಾದ ಉಪಾಧಿಗಳಿಂದಾದ ವಿಭಾಗಗಳು. ಪಶ್ಚಿಮದ ನ್ಯೂಟನ್ನನೂ ಕಾಲವು ಎಲ್ಲರಿಗೂ ಒಂದೇ ಸಮನೆ ಹರಿಯುತ್ತದೆಂದೇ ತಿಳಿದಿದ್ದನು.

1905ರಲ್ಲಿ ಐನ್‌ಸ್ಟೈನ್ ಬೇರೆ ಮಾತು ಹೇಳಿದನು. ವೇಗವಾಗಿ ಚಲಿಸುವವನ ಗಡಿಯಾರ ನಿಂತವನ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ ಎಂದನು. ಎತ್ತರಕ್ಕೆ ಹೋದರೆ ಗಡಿಯಾರ ಚುರುಕಾಗುತ್ತದೆಂಬುದೂ ಅವನ ಮುಂದಿನ ಸಿದ್ಧಾಂತದಿಂದ ತಿಳಿಯಿತು. 1971ರಲ್ಲಿ ಹಾಫೆಲ್ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿಯನ್ನು ಸುತ್ತಿ ಬಂದರು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ, ಪೂರ್ವಕ್ಕೆ ಹೋದಾಗ ಆ ಗಡಿಯಾರಗಳು ಸುಮಾರು 59 ಭಾಗ ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದಾಗ ಸುಮಾರು 273 ಭಾಗ ಮುಂದಾದವು. ಅಂತರ ಅಣುಮಾತ್ರ, ಆದರೆ ನಿಜ. ಬೆಳಕಿನ ವೇಗದ ಸಮೀಪದಲ್ಲಿ ಒಬ್ಬನು ಹೋಗಿಬರುವುದಾದರೆ, ಅವನಿಗೆ ಕೆಲವು ವರ್ಷ ಕಳೆಯುವುದರೊಳಗೆ ಇಲ್ಲಿ ತಲೆಮಾರುಗಳೇ ಕಳೆದಿರುತ್ತವೆ. ಮುಂದಿನ ಕಾಲಕ್ಕೆ ಹೋಗುವುದು ಹೀಗೆ ಅಸಾಧ್ಯವೇನಲ್ಲ.

ಭಾಗವತದಲ್ಲಿ ರೈವತರಾಜನ ಕಥೆಯಿದೆ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮನ ಸಭೆಗೆ ಹೋದನು. ಅಲ್ಲಿ ಗಾನ ಮುಗಿಯುವವರೆಗೆ ಕ್ಷಣಕಾಲ ಕಾದನು. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿದ್ದವು. ಇದು ಪುರಾಣ. ಇದನ್ನು ಹಿಡಿದುಕೊಂಡು "ಐನ್‌ಸ್ಟೈನ್ ಹೇಳಿದ್ದನ್ನು ನಮ್ಮವರು ಮೊದಲೇ ಹೇಳಿದ್ದರು" ಎಂದು ಬೀಗುವುದು ಬೇಡ. ಆದರೆ ಒಂದನ್ನು ಗಮನಿಸಿರಿ: ರೈವತನು ಮುಂದಕ್ಕೆ ಬಂದನೇ ಹೊರತು ತನ್ನವರಿದ್ದ ಕಾಲಕ್ಕೆ ಮರಳಲಿಲ್ಲ.

ಹಿಂದಕ್ಕೆ ಹೋಗುವ ಮಾರ್ಗವನ್ನು 1949ರಲ್ಲಿ ಗೋಡೆಲ್ ಎಂಬ ಗಣಿತಜ್ಞನು ಲೆಕ್ಕದಲ್ಲಿ ತೋರಿಸಿದನು. ಆದರೆ ಅದಕ್ಕೆ ಇಡೀ ವಿಶ್ವವೇ ತಿರುಗುತ್ತಿರಬೇಕು. ನಮ್ಮ ವಿಶ್ವ ಹಾಗಿರುವ ಕುರುಹಿಲ್ಲ. 2009ರಲ್ಲಿ ಸ್ಟೀಫನ್ ಹಾಕಿಂಗ್ ಒಂದು ಔತಣ ಏರ್ಪಡಿಸಿ, ಅದು ಮುಗಿದ ಮೇಲೆ ಆಹ್ವಾನ ಪ್ರಕಟಿಸಿದನು. ಹಿಂದಕ್ಕೆ ಬರಬಲ್ಲವರು ಮಾತ್ರ ಬರಲಿ ಎಂದು! ಯಾರೂ ಬರಲಿಲ್ಲ. ಅದು ವಿನೋದ, ಪ್ರಮಾಣವಲ್ಲ. ಆದರೂ ಆ ಬರಿದಾದ ಪಂಕ್ತಿ ನಮಗೆ ಪಾಠ ಹೇಳುತ್ತದೆ.

ಹಾಗಾದರೆ ಕಣ್ಣೀರಿಡುವವನಿಗೆ ಏನು ಗತಿ? ಇಲ್ಲಿ ವ್ಯಾಕರಣಶಾಸ್ತ್ರ ನೆರವಿಗೆ ಬರುತ್ತದೆ. ಯಾವ ಕ್ರಿಯೆ ಆರಂಭವಾಗಿದ್ದು ಇನ್ನೂ ಮುಗಿದಿಲ್ಲವೋ ಅದೇ ವರ್ತಮಾನ ಎನ್ನುತ್ತಾರೆ ವೈಯಾಕರಣರು. ಒಲೆ ಹೊತ್ತಿಸುವುದು, ಅಕ್ಕಿ ತೊಳೆಯುವುದು, ಎಸರಿಡುವುದು ಎಲ್ಲವೂ ಸೇರಿ "ಅಡುಗೆ ಮಾಡುತ್ತಿದ್ದಾಳೆ" ಎಂಬ ಒಂದೇ ವರ್ತಮಾನ. ಅನ್ನ ಬೆಂದು ಇಳಿಸಿದ ಮೇಲೆಯೇ ಅದು ಭೂತ.

ಈ ಲಕ್ಷಣವನ್ನು ನಿಮ್ಮ ಬಾಳಿಗೆ ಹಚ್ಚಿ ನೋಡಿರಿ. ಇಪ್ಪತ್ತು ವರ್ಷದ ಹಿಂದೆ ಬದುವಿನ ಸಲುವಾಗಿ ಅಣ್ಣನೊಡನೆ ಮಾತು ಬಿಟ್ಟಿರಿ. ಅದು ಹಳೆಯ ಮಾತೆನ್ನುತ್ತೀರಿ. ಜಗಳ ಮುಗಿದಿದೆಯೇ? ಇಲ್ಲ. ಹಾಗಾದರೆ ಅದು ಭೂತವಲ್ಲ, ಇಂದಿನದೇ. ಅದನ್ನು ತಿದ್ದಲು ಕಾಲದಲ್ಲಿ ಹಿಂದಕ್ಕೆ ಹೋಗಬೇಕಾಗಿಲ್ಲ. ಪಕ್ಕದ ಓಣಿಗೆ ಹೋದರೆ ಸಾಕು.

ತಂದೆ ಲಿಂಗೈಕ್ಯರಾಗಿದ್ದರೆ? ಅವರಿಗೆ ಆಡಿದ ಮಾತು ಮರಳಿ ಬಾರದು. ನಿಮ್ಮ ಸಮಾಧಾನಕ್ಕಾಗಿ ನಾವು ಸುಳ್ಳು ಹೇಳಲಾರೆವು. ಆ ಭಾರವನ್ನು ಹೊರಲೇಬೇಕು. ಆದರೆ ಅವರು ಬಿಟ್ಟುಹೋದ ತಾಯಿ ಮನೆಯಲ್ಲಿದ್ದಾಳೆ, ಅವರು ತೀರಿಸದೆ ಉಳಿಸಿದ ಋಣವಿದೆ. ಅವು ಇನ್ನೂ ಮುಗಿದಿಲ್ಲ. ಮುಗಿಯದಿರುವ ಕೆಲಸವೇ ಭಗವಂತನು ಕಳೆದ ಕಾಲಕ್ಕೆ ಇಟ್ಟಿರುವ ಬಾಗಿಲು. ಅಣ್ಣನೂ ತಾಯಿಯೂ ಇರುವಾಗಲೇ ಆ ಬಾಗಿಲನ್ನು ತಟ್ಟಿರಿ. ಅವರೂ ಹೋದ ಮೇಲೆ ಯಾವ ಯಂತ್ರವೂ ಅದನ್ನು ತೆರೆಯಲಾರದು.