ಒಂದೂಕಾಲು ಗಂಟೆ ಅಂದ್ರೆ ಎಷ್ಟು ಗಂಟೆ?

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಲೆಕ್ಕ ಹೇಳ್ತೀನಿ. ಬಿ.ಕಾಂ ಓದಿದವನು, ಲೆಕ್ಕ ತಪ್ಪಬಾರದಿತ್ತು. ತಪ್ಪಿದೆ.

ನಮ್ಮೂರು ತೊಗರ್ಸಿ, ಶಿಕಾರಿಪುರ ತಾಲ್ಲೂಕು. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಕುವೆಂಪು ಹೆಸರು, ಕಮಲದ ಆಕಾರದ ಕಟ್ಟಡ, 3,200 ಮೀಟರ್ ರನ್‌ವೇ. ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ನಮಗೆಲ್ಲ ಖುಷಿಯೋ ಖುಷಿ.

ಅದೇ ವರ್ಷ ನವೆಂಬರ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಅಪ್ಪ ಫೋನ್ ಮಾಡಿದ್ರು. "ಅಜ್ಜಿಗೆ ಹುಷಾರಿಲ್ಲ ಕಣೋ, ನಿನ್ನನ್ನೇ ಕೇಳ್ತಾ ಇದಾಳೆ, ಒಂದ್ಸಲ ಬಂದು ಹೋಗು." ಹತ್ತೂವರೆಗೆ ಮೆಜೆಸ್ಟಿಕ್‌ನಿಂದ ಬಸ್ಸಿತ್ತು. ಮೊಬೈಲ್ ತೆಗೆದ್ರೆ ವಿಮಾನ 1 ಗಂಟೆ 15 ನಿಮಿಷ ಅಂತ ತೋರಿಸ್ತು. ಬೆಳಿಗ್ಗೆದ್ದು ಹಾರಿದ್ರೆ ಆಯ್ತಲ್ಲ ಅಂದ್ಕೊಂಡು ಟಿಕೆಟ್ ಮಾಡಿಸ್ದೆ.

ಈಗ ಲೆಕ್ಕ ನೋಡಿ. ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಈ ಮಾರ್ಗದಲ್ಲಿ ಓಡುವ ಎಟಿಆರ್ 72 ವಿಮಾನ ಮೇಲೇರಿದ ಮೇಲೆ ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುತ್ತೆ. ಅಂದ್ರೆ ಅರ್ಧ ಗಂಟೆ ಸಾಕು! ಆದರೆ ಟಿಕೆಟ್‌ನಲ್ಲಿರೋದು ಗಾಳಿಯಲ್ಲಿರುವ ಸಮಯ ಅಲ್ಲ, ವಿಮಾನ ಇಲ್ಲಿ ನಿಂತ ಜಾಗದಿಂದ ಹೊರಟು ಅಲ್ಲಿ ಹೋಗಿ ನಿಲ್ಲೋವರೆಗಿನದು. ರನ್‌ವೇವರೆಗೆ ತೆವಳೋದು, ಸರದಿ ಕಾಯೋದು, ಏರೋದು, ಇಳಿಯೋದು ಎಲ್ಲ ಸೇರಿದೆ. ಹಾಗೆ ಭಾಗಿಸಿದ್ರೆ ವೇಗ ಗಂಟೆಗೆ 192 ಕಿ.ಮೀ. ಆಯ್ತು, ಅಷ್ಟೇ. ದಾರಿ ಚಿಕ್ಕದಿದ್ದಷ್ಟೂ ವಿಮಾನದ ಲಾಭ ಕಮ್ಮಿ.

ನಾನು ರಾಜಾಜಿನಗರದ ರೂಮಿಂದ ಬೆಳಿಗ್ಗೆ ಆರೂವರೆಗೆ ಹೊರಟೆ. 9:50ಕ್ಕೆ ವಿಮಾನ, 11:05ಕ್ಕೆ ಸೋಗಾನೆ. ಸೋಗಾನೆ ಇರೋದು ಶಿವಮೊಗ್ಗದ ಆಚೆ ದಿಕ್ಕಿಗೆ, ನಮ್ಮ ಕಡೆಯವರು ಇಡೀ ಪೇಟೆ ದಾಟಿಯೇ ಬರಬೇಕು. ಟ್ಯಾಕ್ಸಿ, ಶಿಕಾರಿಪುರಕ್ಕೆ ಬಸ್ಸು, ಅಲ್ಲಿಂದ ಅಪ್ಪನ ಬೈಕು. ಮನೆ ಮುಟ್ಟಿದಾಗ ಮಧ್ಯಾಹ್ನ 2:20. ಒಟ್ಟು 7 ಗಂಟೆ 50 ನಿಮಿಷ. ಅದರಲ್ಲಿ ವಿಮಾನದ್ದು ಆರರಲ್ಲಿ ಒಂದು ಪಾಲೂ ಇಲ್ಲ. ರಾತ್ರಿ ಬಸ್ಸಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಆದರೆ ಅದು ನನ್ನನ್ನು ಬೆಳಿಗ್ಗೆ ಆರೂಕಾಲಿಗೇ ಮನೆಯಲ್ಲಿ ಇಳಿಸಿರ್ತಿತ್ತು.

ಎಂಟು ಗಂಟೆಗೆ ಅಜ್ಜಿ ಕಾಫಿ ಕೇಳಿ ಕುಡಿದಿದ್ದಳಂತೆ. "ಅವನು ಎಲ್ಲಿವರೆಗೆ ಬಂದ?" ಅಂದಳಂತೆ. ಆಗ ನಾನು ಸೆಕ್ಯೂರಿಟಿ ಸಾಲಲ್ಲಿ ಬೆಲ್ಟ್ ಬಿಚ್ತಾ ಇದ್ದೆ. ನಾನು ಹೋಗೋ ಹೊತ್ತಿಗೆ ಮಾತು ನಿಂತಿತ್ತು. ಕೈ ಹಿಡ್ಕೊಂಡ್ಲು, ಗುರುತು ಸಿಕ್ತೋ ಇಲ್ವೋ ಗೊತ್ತಿಲ್ಲ. ಮೂರನೇ ದಿನ ಹೋಗ್ಬಿಟ್ಲು.

ವಿಮಾನ ಬೇಡ ಅಂತ ಹೇಳ್ತಿಲ್ಲ. ಶಿವಮೊಗ್ಗ, ಭದ್ರಾವತಿಯವರಿಗೆ, ಬೆಂಗಳೂರಲ್ಲಿ ವಿಮಾನ ಬದಲಾಯಿಸಿ ದೆಹಲಿಗೋ ದುಬೈಗೋ ಹೋಗೋರಿಗೆ ಅದು ದೊಡ್ಡ ಅನುಕೂಲ. ತೊಗರ್ಸಿಯವನು ಮಾತ್ರ ಟಿಕೆಟ್ ನೋಡೋ ಮೊದಲು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಕೂಡಿ ನೋಡ್ಬೇಕು, ಯಾವುದು ಮೊದಲು ಹೊರಡುತ್ತೆ ಅನ್ನೋದನ್ನೂ ಸೇರಿಸಿ.

ಈಗ ಫೋನಲ್ಲಿ ಮೆಜೆಸ್ಟಿಕ್ ಬಸ್ಸುಗಳ ಟೈಮ್ ಬರೆದಿಟ್ಕೊಂಡಿದೀನಿ. ಅಪ್ಪನಿಗೆ ಈಗ ಅರವತ್ತೆರಡು.