ಸಹಿ ಹಾಕುವ ಮೊದಲು ಒಂದು ಮಾತು ಕೇಳಿ

(ದುಬೈಯಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕಾನೂನು ನೆರವು ಅಂದ ಕೂಡಲೇ ನಮಗೆ ಕರಿ ಕೋಟು, ಕೋರ್ಟು, ದೊಡ್ಡ ಫೀಸು ನೆನಪಾಗುತ್ತದೆ. ಆದರೆ ನಮ್ಮ ಹೆಲ್ಪ್ ಡೆಸ್ಕಿಗೆ ಬರುವ ಕೇಸುಗಳಲ್ಲಿ ಹೆಚ್ಚಿನವು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಸೋತಿರುತ್ತವೆ. ಒಂದೋ ಕೈಯಲ್ಲಿ ಕಾಗದ ಇರುವುದಿಲ್ಲ, ಇಲ್ಲವಾದರೆ ಅವಧಿ ದಾಟಿರುತ್ತದೆ, ಅದೂ ಅಲ್ಲವಾದರೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಆಗಿರುತ್ತದೆ.

ಒಬ್ಬ ಸಹೋದರರ ವಿಷಯ ಹೇಳ್ತೇವೆ. ಒಂದು ಅಂಗಡಿಯಲ್ಲಿ ಸರಿಯಾಗಿ ಏಳು ವರ್ಷ ದುಡಿದವರು. ಮೂಲ ಸಂಬಳ 1,500 ದಿರ್ಹಂ. ಊರಿಗೆ ಹೊರಡುವ ದಿನ ಕೈಗೆ 3,000 ಕೊಟ್ಟು ಸಹಿ ಹಾಕಿಸಿಕೊಂಡರು. ಎಲ್ಲ ಬಾಕಿ ಸಂದಾಯವಾಗಿದೆ ಎಂದು ಆ ಕಾಗದದಲ್ಲಿತ್ತು. ಅವರು ನಮಗೆ ಫೋನು ಮಾಡಿದ್ದು ಊರು ಸೇರಿದ ಮೇಲೆ.

ಲೆಕ್ಕ ನೋಡಿ. ಇಲ್ಲಿನ ಕಾರ್ಮಿಕ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು ಗ್ರಾಚ್ಯುಟಿ. 1,500ನ್ನು 30ರಿಂದ ಭಾಗಿಸಿದರೆ ದಿನಕ್ಕೆ 50 ದಿರ್ಹಂ. ಮೊದಲ ಐದು ವರ್ಷಕ್ಕೆ 5,250, ಉಳಿದ ಎರಡಕ್ಕೆ 3,000. ಒಟ್ಟು 8,250. ಅಂದರೆ 5,250 ದಿರ್ಹಂ, ನಮ್ಮ ಒಂದು ಲಕ್ಷ ರೂಪಾಯಿಗೂ ಮೇಲೆ, ಅಲ್ಲೇ ಉಳಿಯಿತು. ಸಹಿ ಬಿದ್ದಿತ್ತು, ಆಳು ಊರಲ್ಲಿ, ಹಿಂದೆ ಓಡಾಡುವ ಶಕ್ತಿ ಇರಲಿಲ್ಲ. ಅವರು ಬಿಟ್ಟುಬಿಟ್ಟರು. ಈ ಲೆಕ್ಕಕ್ಕೆ ವಕೀಲರು ಬೇಕಾ? ಐದನೇ ಕ್ಲಾಸಿನ ಮಗು ಮಾಡುವ ಗುಣಾಕಾರ ಇದು. ಸಹಿಗೆ ಮೊದಲು ಹೇಳುವವರೊಬ್ಬರು ಪಕ್ಕದಲ್ಲಿ ಇರಬೇಕಿತ್ತು, ಅಷ್ಟೇ.

ಸಂಬಳ, ಗ್ರಾಚ್ಯುಟಿ ಬಾಕಿ ಇದ್ದರೆ ಮೊದಲು ಹೋಗಬೇಕಾದ್ದು ಕಾರ್ಮಿಕ ಸಚಿವಾಲಯಕ್ಕೆ. ಕೆಲಸ ಬಿಟ್ಟ 14 ದಿನದೊಳಗೆ ಮಾಲೀಕರು ಲೆಕ್ಕ ಚುಕ್ತಾ ಮಾಡಬೇಕು. 50,000 ದಿರ್ಹಂವರೆಗಿನ ತಗಾದೆಯಲ್ಲಿ 2024ರಿಂದ ಸಚಿವಾಲಯವೇ ತೀರ್ಮಾನ ಕೊಡಬಹುದು. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಂವರೆಗಿನ ಕಾರ್ಮಿಕರ ದಾವೆಗೆ ಕೋರ್ಟ್ ಶುಲ್ಕ ಇಲ್ಲ. ಆದರೆ ಕೆಲಸ ಮುಗಿದ ದಿನದಿಂದ ಎರಡು ವರ್ಷ ದಾಟಿದರೆ ದಾವೆ ಕೇಳುವುದಿಲ್ಲ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವ ಹಕ್ಕು ಮಾಲೀಕರಿಗೆ ಇಲ್ಲ. ಮನೆ ಡ್ರೈವರ್, ಅಡುಗೆಯವರಿಗೆ ಬೇರೆ ಕಾನೂನು ಉಂಟು. ಅವರ ದೂರನ್ನೂ ಇದೇ ಸಚಿವಾಲಯ ತೆಗೆದುಕೊಳ್ಳುತ್ತದೆ. ನಮ್ಮ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, 80046342ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ. ಅಲ್ಲಿ ಕಾನೂನು ಸಲಹೆಯೂ ಸಿಗುತ್ತದೆ.

ಇನ್ನು ಊರಿನ ವಿಷಯ. ನಾವು ಇಲ್ಲಿ, ಹೆಂಡತಿ ಅಲ್ಲಿ, ಜಾಗದ ತಕರಾರು ಅಲ್ಲಿ. ಆಕೆ ಒಬ್ಬಳೇ ತಾಲೂಕು ಆಫೀಸು ಸುತ್ತಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಜೈಲಿನಲ್ಲಿರುವವರಿಗೆ ಕೂಡ. ಮಂಗಳೂರಿನಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕಿನಲ್ಲಿ ಕೋರ್ಟಿನ ಆವರಣದಲ್ಲೇ ಸಮಿತಿ. ಸಹಾಯವಾಣಿ 15100. ಮಾತುಕತೆಯಲ್ಲಿ ಮುಗಿಯುವಂಥದ್ದು ಲೋಕ ಅದಾಲತ್‌ಗೆ ಹೋಗಬಹುದು; ಕೋರ್ಟ್ ಶುಲ್ಕ ಇಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದರ ಮೇಲೆ ಅಪೀಲು ಇಲ್ಲ, ನೆನಪಿರಲಿ.

ಇಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸುವವರು ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇಡೀ ಆಸ್ತಿಗೆ ಬರೆದುಕೊಡುವ ಅಗತ್ಯ ಇಲ್ಲ. ಯಾವ ಕೆಲಸವೋ ಆ ಕೆಲಸಕ್ಕೆ ಮಾತ್ರ ಬರೆದುಕೊಡಿ. ತಮ್ಮನಾದರೂ ಸರಿ, ಭಾವನಾದರೂ ಸರಿ.

ಹಾಗಾದರೆ ಸಂಘವಾಗಿ ನಾವೇನು ಮಾಡಬೇಕು? ನಾವು ವಕೀಲರಲ್ಲ, ವಕೀಲಿಕೆ ಮಾಡುವುದೂ ಬೇಡ. ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದು ಈ ದೇಶದಲ್ಲಿ ಅಪರಾಧ, ಆದ್ದರಿಂದ ವಾಟ್ಸಾಪಿನಲ್ಲಿ ವಂತಿಗೆ ಎತ್ತುವುದೂ ಬೇಡ. ನಮ್ಮ ಕೈಲಾಗುವ ಕೆಲಸ ಮೂರು.

ಒಂದು, ಪ್ರತಿ ರೂಮಿನಲ್ಲಿ ಒಬ್ಬರು ಜವಾಬ್ದಾರಿ ತೆಗೆದುಕೊಂಡು, ರೂಮಿನ ಎಲ್ಲರೂ ಕರಾರು, ವೀಸಾ, ಸಂಬಳ ಜಮೆಯಾದ ದಾಖಲೆಯ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸುವಂತೆ ನೋಡಿಕೊಳ್ಳಬೇಕು. ಕೇಸು ನಿಲ್ಲುವುದು ಇದರ ಮೇಲೆಯೇ.

ಎರಡು, ತಿಂಗಳಿಗೊಂದು ಶುಕ್ರವಾರ ಸಂಜೆ ಲೆಕ್ಕದ ಬೈಠಕ್. ಅಕೌಂಟ್ಸ್ ಗೊತ್ತಿರುವ ನಾವು ಕೆಲವರು ಕೂರುತ್ತೇವೆ. ಗ್ರಾಚ್ಯುಟಿ ಲೆಕ್ಕ ಹಾಕಿಕೊಡುತ್ತೇವೆ, ಅರಬಿ ಬಲ್ಲವರು ಕಾಗದ ಓದಿ ಹೇಳುತ್ತಾರೆ. ಮುಂದಿನ ಕೆಲಸಕ್ಕೆ ಸರಿಯಾದ ಕಚೇರಿಗೆ ಕಳಿಸುತ್ತೇವೆ, ಬೇಕಾದರೆ ಜೊತೆಗೂ ಬರುತ್ತೇವೆ.

ಮೂರು, ಊರಿನ ನಮ್ಮ ಕಲಿತ ಹೆಣ್ಣುಮಕ್ಕಳು ಅರೆ ಕಾನೂನು ಸ್ವಯಂಸೇವಕರಾಗಿ ಪ್ರಾಧಿಕಾರದಲ್ಲಿ ಸೇರಲಿ. ಬ್ಯಾರಿ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಬಹುದು ಎಂದಾದರೆ, ಬಾಗಿಲ ಹೊರಗೆ ನಿಂತೇ ಹಿಂದೆ ಬರುವ ತಾಯಂದಿರು ಒಳಗೆ ಕಾಲಿಡುತ್ತಾರೆ.

ಸಹೋದರರೇ, ಇದು ಯಾರ ಮೇಲಿನ ಜಗಳವೂ ಅಲ್ಲ. ಒಳ್ಳೆಯ ಮಾಲೀಕರು ಬಹಳ ಜನ ಇದ್ದಾರೆ, ಅವರಲ್ಲಿ ಲೆಕ್ಕ ಕೇಳಿದರೆ ಬೇಜಾರು ಮಾಡುವುದಿಲ್ಲ. ಬೆವರಿನ ದುಡ್ಡು ಕೇಳುವುದಕ್ಕೆ ನಾಚಿಕೆ ಯಾಕೆ? ಯಾರಾದರೂ ಕಾಗದ ಮುಂದಿಟ್ಟು "ಬೇಗ ಸಹಿ ಹಾಕು" ಅಂದರೆ, "ಒಂದು ದಿನ ಕೊಡಿ" ಅನ್ನಿ. ಆ ಸಂಜೆ ನಮಗೆ ಫೋನು ಮಾಡಿ.